ಮಕ್ಕಳು ಅಭಿಪ್ರಾಯ ಬರೆಯುತ್ತಾರೆ, ಆಧಾರ ಕೊಡುವುದಿಲ್ಲ. ಹೇಗೆ ಕಲಿಸುವುದು?

ಯುಪಿ ಟೀಚರ್, ಬದಿಯಡ್ಕ ಕಡೆ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಯುಪಿ, ಅಂದರೆ ಅಪ್ಪರ್ ಪ್ರೈಮರಿ ಕ್ಲಾಸುಗಳಿಗೆ ಕನ್ನಡ ಕಲಿಸುತ್ತೇನೆ. ಏಳನೇ ಕ್ಲಾಸಿನಲ್ಲಿ 23 ಮಕ್ಕಳಿದ್ದಾರೆ. ಮಾತಾಡುವುದರಲ್ಲಿ, ಕಥೆ ಹೇಳುವುದರಲ್ಲಿ ಒಬ್ಬರಿಗಿಂತ ಒಬ್ಬರು ಮುಂದೆ. ಆದರೆ ‘ನಿಮ್ಮ ಅಭಿಪ್ರಾಯ ಬರೆಯಿರಿ’ ಅಂತ ಬಂದ ಕೂಡಲೇ ಎಲ್ಲರ ಪುಸ್ತಕವೂ ಒಂದೇ ಥರ ಆಗಿಬಿಡುತ್ತದೆ.

2025ರಲ್ಲಿ ಕೇರಳದ ಶಿಕ್ಷಣ ಸಚಿವರಾಗಿದ್ದ ವಿ. ಶಿವನ್‌ಕುಟ್ಟಿಯವರು ಬೇಸಿಗೆ ರಜೆಯನ್ನು ಏಪ್ರಿಲ್-ಮೇ ಬದಲು ಜೂನ್-ಜುಲೈಗೆ ತಂದರೆ ಹೇಗೆ ಅಂತ ಚರ್ಚೆಗೆ ಬಿಟ್ಟಿದ್ದರಲ್ವಾ, ಮಕ್ಕಳಿಗೆ ಹತ್ತಿರದ ವಿಷಯ ಅಂತ ಅದನ್ನೇ ಕೊಟ್ಟೆ. ಒಬ್ಬಳು ಬರೆದದ್ದು ಹೀಗೆ: “ಮಳೆಗಾಲದಲ್ಲಿ ರಜೆ ಕೊಡಬೇಕು. ಏಕೆಂದರೆ ಮಳೆಗಾಲದಲ್ಲಿ ರಜೆ ಇದ್ದರೆ ತುಂಬಾ ಒಳ್ಳೆಯದು. ಆದ್ದರಿಂದ ಮಳೆಗಾಲದಲ್ಲಿ ರಜೆ ಕೊಡಲೇಬೇಕು.” ಮೂರು ವಾಕ್ಯ, ಮೂರರಲ್ಲೂ ಒಂದೇ ಮಾತು. ಇನ್ನೊಬ್ಬ “ನೂರಕ್ಕೆ 90 ಮಕ್ಕಳಿಗೆ ಮಳೆಗಾಲದಲ್ಲಿ ಜ್ವರ ಬರುತ್ತದೆ” ಅಂತ ಬರೆದಿದ್ದ. ಈ 90 ಎಲ್ಲಿಂದ ಸಿಕ್ಕಿತು ಅಂತ ಕೇಳಿದೆ. “ಸಂಖ್ಯೆ ಹಾಕಿದರೆ ಮಾರ್ಕು ಜಾಸ್ತಿ ಸಿಗ್ತದೆ ಟೀಚರ್” ಅಂದ. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ ಅವನು. ಹಾಗೆಯೇ ಬರೆಯಬೇಕು ಅಂತ ಅವನು ನಿಜವಾಗಿ ನಂಬಿದ್ದಾನೆ, ಅದೇ ನನಗೆ ಬೇಜಾರಾದದ್ದು.

ಬೋರ್ಡಿನಲ್ಲಿ ‘ಅಭಿಪ್ರಾಯ, ಕಾರಣ, ಆಧಾರ’ ಅಂತ ಮೂರು ಕಂಬ ಎಳೆದು ವಿವರಿಸಿದ್ದೇನೆ. ಚೆಂದಕ್ಕೆ ನಕಲು ಮಾಡಿಕೊಂಡರು. ಮರುದಿನ ಬರೆಯುವಾಗ ಪುನಃ ಅದೇ. ಕಾರಣ ಬೇರೆ, ಆಧಾರ ಬೇರೆ ಅಂತ ಅವರ ತಲೆಗೆ ಹೋಗುವ ಹಾಗೆ ಹೇಳುವುದು ಹೇಗೆ? ಕ್ಲಾಸಿನಲ್ಲಿ ಮಾಡಿ ನೋಡಿದವರು ಇದ್ದರೆ ದಯವಿಟ್ಟು ಹೇಳಿ.

ನಿವೃತ್ತ ಮಾಷ್ಟ್ರು, ಪೈವಳಿಕೆ

ಟೀಚರೇ, ಬೋರ್ಡು ಬಿಡಿ. ಆಧಾರ ಅನ್ನುವುದು ಬೋರ್ಡಿನಲ್ಲಿ ಇಲ್ಲ, ಮಕ್ಕಳ ಮನೆಯಲ್ಲಿ ಉಂಟು. ಮಗು ತಾನಾಗಿ ಹೋಗಿ ನೋಡದ, ಎಣಿಸದ, ಕೇಳದ ವಿಷಯದ ಬಗ್ಗೆ ಅಭಿಪ್ರಾಯ ಬರೆ ಅಂದರೆ ಅದು ‘ಒಳ್ಳೆಯದು’ ಅನ್ನುವುದನ್ನು ಬಿಟ್ಟು ಏನು ಬರೆಯಬೇಕು ಹೇಳಿ? ಅದರ ಕೈಯಲ್ಲಿ ಬೇರೆ ಏನೂ ಇಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗಿನ ಒಂದು ಸಂಗತಿ ಹೇಳುತ್ತೇನೆ. ಎಂಟನೇ ಕ್ಲಾಸಿನ ಒಬ್ಬಳು ಹುಡುಗಿ ‘ಬೋರ್‌ವೆಲ್‌ಗಿಂತ ಸುರಂಗವೇ ಒಳ್ಳೆಯದು’ ಅಂತ ಮೂರು ಪುಟ ಬರೆದು ತಂದಳು. ನಮ್ಮ ಕಡೆಯವರಲ್ಲದವರಿಗೆ ಹೇಳುವುದಾದರೆ, ಸುರಂಗ ಅಂದರೆ ಗುಡ್ಡದ ಬದಿಯಲ್ಲಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಮಾಡಿದ ನೀರಿನ ದಾರಿ. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಹರಿದು ಹೊರಗೆ ಬರುತ್ತದೆ. ಬಾಯಾರು, ಪೈವಳಿಕೆ, ಪಡ್ರೆ ಕಡೆ ಎಷ್ಟೋ ಮನೆಗಳು ಇದರಲ್ಲೇ ಬದುಕಿದ್ದು. ಹುಡುಗಿ ಬರೆದದ್ದು ಚೆನ್ನಾಗಿತ್ತು, ಹಿರಿಯರ ಶ್ರಮ, ಪ್ರಕೃತಿಯ ಕೊಡುಗೆ ಎಲ್ಲ ಇತ್ತು. ನಾನು ಒಂದೇ ಪ್ರಶ್ನೆ ಕೇಳಿದೆ: “ನಿಮ್ಮ ಸುರಂಗದಲ್ಲಿ ಎಷ್ಟು ನೀರು ಬರ್ತದೆ?” ಗೊತ್ತಿರಲಿಲ್ಲ. ದಿನಾ ಕುಡಿಯುವ ನೀರು!

10 ಲೀಟರಿನ ಒಂದು ಬಕೆಟ್ ಮತ್ತು ಸೆಕೆಂಡು ಮುಳ್ಳಿರುವ ವಾಚು, ಇಷ್ಟೇ ಸಾಕು ಅಂತ ಹೇಳಿದೆ. ನೀರು ಬೀಳುವ ಅಡಿಕೆ ದಂಬೆಯ (ಅಡಿಕೆ ಮರ ಸೀಳಿ ಮಾಡಿದ ನೀರಿನ ಕೊಳವೆ) ಕೆಳಗೆ ಬಕೆಟ್ ಇಟ್ಟು ತುಂಬಲು ಎಷ್ಟು ಹೊತ್ತು ಅಂತ ಪ್ರತಿ ಆದಿತ್ಯವಾರ ಬರೆದಿಡು. ಜನವರಿಯಲ್ಲಿ 40 ಸೆಕೆಂಡು ಇತ್ತು. ಏಪ್ರಿಲ್ ಕೊನೆಗೆ 2 ನಿಮಿಷ 50 ಸೆಕೆಂಡು. ಲೆಕ್ಕ ಹಾಕಿದಳು: ಜನವರಿಯಲ್ಲಿ ದಿನಕ್ಕೆ 21,600 ಲೀಟರ್, ಏಪ್ರಿಲಲ್ಲಿ ಸುಮಾರು 5,000. ಮನೆಯಲ್ಲಿ ಆರು ಜನ, ಎರಡು ದನ. ಅಷ್ಟಕ್ಕೆ ಧಾರಾಳ. ಆದರೆ ಅಡಿಕೆಗೆ ಹನಿ ನೀರಾವರಿ ಮಾಡಿದರೂ ಒಂದು ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಅವರದ್ದು 500 ಮರ. ಎಂಟು-ಹತ್ತು ಸಾವಿರ ಲೀಟರ್ ಆಯಿತಲ್ಲ?

ಆಮೇಲೆ ಅವಳು ಬರೆದದ್ದು ಒಂದೇ ಪುಟ. “ನಮ್ಮ ಮನೆಗೆ ಸುರಂಗ ಸಾಕು, ತೋಟಕ್ಕೆ ಜನವರಿಯಲ್ಲಿ ಸಾಕು, ಏಪ್ರಿಲಿನಲ್ಲಿ ಸಾಲದು. ಆದ್ದರಿಂದ ಮನೆ ಖರ್ಚಿಗೆ ಬೋರ್‌ವೆಲ್ ತೆಗೆಯುವುದು ಬೇಡ, ತೋಟಕ್ಕೆ ಬೇಸಿಗೆಯಲ್ಲಿ ಬೇರೆ ದಾರಿ ಬೇಕು.” ನೋಡಿ, ಅಳತೆ ಸಿಕ್ಕಿದ ಮೇಲೆ ಅಭಿಪ್ರಾಯವೇ ಬದಲಾಯಿತು. ಮೊದಲಿನ ಮೂರು ಪುಟವನ್ನು ಯಾರು ಬೇಕಾದರೂ ಬರೆಯಬಹುದಿತ್ತು. ಈ ಒಂದು ಪುಟವನ್ನು ಅವಳಲ್ಲದೆ ಬೇರೆ ಯಾರಿಗೂ ಬರೆಯಲಿಕ್ಕೆ ಆಗುತ್ತಿರಲಿಲ್ಲ.

ನಿಮ್ಮ ಮಳೆಗಾಲದ ರಜೆಗೂ ಆಧಾರ ಶಾಲೆಯಲ್ಲೇ ಉಂಟು, ಅಲ್ಮೇರಾದಲ್ಲಿ. ಹಾಜರಿ ಪುಸ್ತಕ ತೆಗೆದು ಮಕ್ಕಳ ಮುಂದೆ ಇಡಿ.

ಇಬ್ಬರು ಮಕ್ಕಳ ಅಮ್ಮ, ಉಪ್ಪಳ

ನಾನು ಟೀಚರ್ ಅಲ್ಲ, ಆದರೂ ಬರೆಯುತ್ತೇನೆ. ನಮ್ಮ ಮನೆಯಲ್ಲಿ ‘ಅಂತೆ’ಯಿಂದ ಶುರು ಮಾಡಿದೆವು.

ಕನ್ನಡದಲ್ಲಿ ನಾವು ಕಂಡದ್ದನ್ನು ‘ಬಂದ’ ಅನ್ನುತ್ತೇವೆ, ಬೇರೆಯವರಿಂದ ಕೇಳಿದ್ದನ್ನು ‘ಬಂದನಂತೆ’ ಅನ್ನುತ್ತೇವೆ. ಯಾರೂ ಹೇಳಿಕೊಡದೆ ಸಣ್ಣ ಮಗುವಿಗೂ ಈ ವ್ಯತ್ಯಾಸ ಗೊತ್ತಿರುತ್ತದೆ. ಹವ್ಯಕರಲ್ಲಿ ‘ಬಂದನಡ’, ತುಳುವಿನಲ್ಲಿ ಕೊನೆಗೊಂದು ‘ಗೆ’, ಮಲಯಾಳದಲ್ಲಿ ‘ಅತ್ರೆ’. ನಮ್ಮ ಊರಿನ ಕ್ಲಾಸಿನಲ್ಲಿ ಯಾವ ಮನೆಮಾತಿನ ಮಗು ಕೂತಿದ್ದರೂ ಇದು ಅದಕ್ಕೆ ಹೊಸತಲ್ಲ. ಬರೆಯಲಿಕ್ಕೆ ಕೂತ ಕೂಡಲೇ ಮಾತ್ರ ಈ ‘ಅಂತೆ’ ಮಾಯವಾಗುತ್ತದೆ. ಪ್ರಬಂಧದಲ್ಲಿ ‘ಅಂತೆ’ ಬರೆಯಬಾರದು ಅಂತ ನಾವೇ ಕಲಿಸಿದ್ದೇವೆ, ಅಲ್ವಾ?

ಹಾಗಾಗಿ ಮಗ ಏನಾದರೂ ಬರೆದರೆ, ಪ್ರತಿ ವಾಕ್ಯದ ಕೊನೆಗೆ ‘ಅಂತೆ’ ಸೇರಿಸಿ ಗಟ್ಟಿಯಾಗಿ ಓದು ಅನ್ನುತ್ತೇನೆ. ಸೇರಿಸಿದರೆ ಸರಿಯಾಗಿ ಕೂರುತ್ತದೆ ಅಂತಾದರೆ ಅದು ಕೇಳಿದ ಮಾತು. ಯಾರಿಂದ ಕೇಳಿದ್ದು, ಅವರಿಗೆ ಹೇಗೆ ಗೊತ್ತು ಅಂತ ಪಕ್ಕದಲ್ಲಿ ಬರೆಯಬೇಕು. ಕಳೆದ ಸಲ “ಬೇಕಲ ಕೋಟೆಯನ್ನು ಟಿಪ್ಪು ಕಟ್ಟಿಸಿದನು” ಅಂತ ಬರೆದಿದ್ದ. ‘ಕಟ್ಟಿಸಿದನಂತೆ’ ಅಂತ ಓದಿದಾಗ ಅವನೇ ನಿಲ್ಲಿಸಿದ. ಯಾರು ಹೇಳಿದ್ದು? ಬಸ್ಸಿನಲ್ಲಿ ಯಾರೋ. ಆಮೇಲೆ ಚರಿತ್ರೆ ಪುಸ್ತಕ ನೋಡಿ ಕೆಳದಿಯ ಶಿವಪ್ಪ ನಾಯಕ 17ನೇ ಶತಮಾನದಲ್ಲಿ ಕಟ್ಟಿಸಿದ್ದು, ಹೈದರ್, ಟಿಪ್ಪು ಕೈಗೆ ಬಂದದ್ದು ಅದಾದ ಮೇಲೆ, 1799ರ ನಂತರ ಕಂಪನಿ ಸರಕಾರದ ಕೈಗೆ ಹೋದದ್ದು ಅಂತ ತಿದ್ದಿದ. ವಾಟ್ಸಾಪಿನಲ್ಲಿ ಬಂದದ್ದಕ್ಕೂ ಇದೇ ಪರೀಕ್ಷೆ ನಡೆಯುತ್ತದೆ.

ತೋಟದ ಮನೆ, ಎಣ್ಮಕಜೆ

ಮೇಲಿನ ಅಕ್ಕ ಹೇಳಿದ್ದು ಸರಿ. ಆದರೆ ಕಣ್ಣಾರೆ ಕಂಡದ್ದು ಕೂಡ ಕೆಲವೊಮ್ಮೆ ಸಾಲುವುದಿಲ್ಲ ಅನ್ನುವುದನ್ನೂ ಮಕ್ಕಳಿಗೆ ಹೇಳಬೇಕು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಅಂತ ನಮ್ಮಲ್ಲೇ ಗಾದೆ ಉಂಟು.

ನಮ್ಮ ಊರಿನ ಕಥೆ ಎಲ್ಲರಿಗೂ ಗೊತ್ತು. ಗುಡ್ಡದ ಮೇಲಿನ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಮದ್ದು ಬಿಟ್ಟರು. ಮಕ್ಕಳು ಹುಟ್ಟುತ್ತಲೇ ಕಾಯಿಲೆ ಬೀಳುವುದನ್ನು ಮನೆಯವರು ಕಂಡಿದ್ದರು, ಜೇನು ಸತ್ತದ್ದನ್ನು ಕಂಡಿದ್ದರು. ಆದರೂ ‘ಇದು ಆ ಮದ್ದಿನಿಂದಲೇ ಅಂತ ಹೇಗೆ ಹೇಳುತ್ತೀರಿ, ಬೇರೆ ಊರಲ್ಲೂ ಕಾಯಿಲೆ ಇಲ್ವಾ?’ ಅಂತ ಕೇಳಿದವರಿಗೆ ಉತ್ತರ ಕೊಡಲು ಕಂಡದ್ದು ಮಾತ್ರ ಸಾಕಾಗಲಿಲ್ಲ. ಅಹಮದಾಬಾದಿನಿಂದ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಪಡ್ರೆಯ ಮಕ್ಕಳನ್ನೂ, ಮದ್ದು ಬಿಡದ ಮೀಂಜ ಕಡೆಯ ಮಕ್ಕಳನ್ನೂ ಪರೀಕ್ಷೆ ಮಾಡಿ ಹೋಲಿಸಿ ನೋಡಿದರು. ಆ ಹೋಲಿಕೆಯೇ ಮಾತಿಗೆ ಬಲ ಕೊಟ್ಟದ್ದು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಆ ಮದ್ದಿಗೆ ತಡೆ ಹಾಕಿತು.

ಏಳನೇ ಕ್ಲಾಸಿನವರಿಗೆ ಇದರ ಪೂರ್ತಿ ವಿವರ ಬೇಡ. ‘ಮಳೆಗಾಲದಲ್ಲಿ ಇಷ್ಟು ಮಕ್ಕಳಿಗೆ ಜ್ವರ’ ಅಂತ ಬರೆದರೆ ‘ಹಾಗಾದರೆ ಬೇಸಿಗೆಯಲ್ಲಿ ಎಷ್ಟು?’ ಅನ್ನುವ ಎರಡನೇ ಪ್ರಶ್ನೆ ತಾನಾಗಿ ಬರುವಂತೆ ಅಭ್ಯಾಸ ಮಾಡಿಸಿದರೆ ಸಾಕು. ಒಂದು ಸಂಖ್ಯೆ ಒಂಟಿಯಾಗಿ ನಿಂತರೆ ಅದು ಏನನ್ನೂ ಹೇಳುವುದಿಲ್ಲ. ನಮ್ಮ ಊರಿನವರು ಇದನ್ನು ತುಂಬಾ ಕಷ್ಟಪಟ್ಟು ಕಲಿತದ್ದು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ತಾಳಮದ್ದಳೆ ಹುಚ್ಚು, ಕುಂಬಳೆ

ತಾಳಮದ್ದಳೆಯ ದೊಡ್ಡ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು ಹುಟ್ಟಿದ ಸೀಮೆಯಲ್ಲಿ ಮಕ್ಕಳಿಗೆ ವಾದ ಮಾಡಲಿಕ್ಕೆ ಬರುವುದಿಲ್ಲ ಅಂದರೆ ನಾನು ಒಪ್ಪುವುದಿಲ್ಲ. ಬಾಯಲ್ಲಿ ಬರುತ್ತದೆ, ಪೆನ್ನಿಗೆ ಇಳಿಯುವುದಿಲ್ಲ ಅಷ್ಟೇ. ಹಾಗಾಗಿ ಬಾಯಿಂದಲೇ ಶುರು ಮಾಡಿಸಿ.

ನಾನು ರಜೆಯಲ್ಲಿ ಊರಿನ ಹತ್ತು-ಹದಿನೈದು ಮಕ್ಕಳಿಗೆ ತಾಳಮದ್ದಳೆಯ ಅರ್ಥ ಹೇಳಲು, ಅಂದರೆ ಪ್ರಸಂಗದ ಪದ್ಯ ಹಿಡಿದು ಪಾತ್ರವಾಗಿ ಕೂತು ಮಾತಿನಲ್ಲೇ ವಾದ ಮಾಡಲು ಕಲಿಸುತ್ತೇನೆ. ವಾಲಿವಧೆ ತೆಗೆದುಕೊಳ್ಳುತ್ತೇವೆ. ಬಾಣ ತಾಗಿ ಬಿದ್ದ ವಾಲಿ ಕೇಳುತ್ತಾನೆ: ನಾನು ನಿನ್ನ ಜೊತೆ ಯುದ್ಧಕ್ಕೆ ಬರಲಿಲ್ಲ, ಮರೆಯಲ್ಲಿ ನಿಂತು ಹೊಡೆದದ್ದು ನ್ಯಾಯವೇ? ರಾಮ ಕೊಡುವ ಉತ್ತರ ಒಂದಲ್ಲ. ನೀನು ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆ, ಅದು ತಪ್ಪು. ಈ ಭೂಮಿ ಭರತನ ಆಳ್ವಿಕೆಗೆ ಸೇರಿದ್ದು, ತಪ್ಪು ಮಾಡಿದವನನ್ನು ಶಿಕ್ಷಿಸುವ ಅಧಿಕಾರ ನನಗೆ ಉಂಟು. ನೀನು ಕಪಿ, ಬೇಟೆಗಾರ ಮರೆಯಲ್ಲಿ ನಿಂತು ಪ್ರಾಣಿಗೆ ಹೊಡೆಯುವುದು ದೋಷವಲ್ಲ. ಈ ಮೂರರಲ್ಲಿ ಗಟ್ಟಿ ಯಾವುದು, ಸಡಿಲ ಯಾವುದು ಅಂತ ಮಕ್ಕಳನ್ನು ಕೇಳಿದೆ. ಆರನೇ ಕ್ಲಾಸಿನ ಒಬ್ಬ ಹುಡುಗ ಸ್ವಲ್ಪ ಹೊತ್ತು ಸುಮ್ನೆ ಕೂತು, ಆಮೇಲೆ “ಮಾಮ, ಮೊದಲನೇದೂ ಮೂರನೇದೂ ಒಟ್ಟಿಗೆ ನಿಲ್ಲುವುದಿಲ್ಲ. ವಾಲಿ ಬರೀ ಪ್ರಾಣಿ ಆದ್ರೆ ತಮ್ಮನ ಹೆಂಡತಿ ಅಂತ ಧರ್ಮ ಅವನಿಗೆ ಎಲ್ಲಿಂದ?” ಅಂದ. ನನಗೆ ಮೈ ಜುಂ ಅಂದಿತು. ಪ್ರಸಂಗದ ಎದುರು ಕೂತು ಇಂಥ ಪ್ರಶ್ನೆ ಕೇಳಬಹುದು ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನೊಂದು ನಿಯಮ ನಾನು ಇಡುವುದು: ಪದ್ಯದಲ್ಲಿ ಇಲ್ಲದ್ದನ್ನು ಹೇಳಿದರೆ ಎದುರಿನವನು ‘ಎಲ್ಲಿ ಉಂಟು?’ ಅಂತ ಕೇಳಬಹುದು. ಹೇಳಿದವನು ತೋರಿಸಬೇಕು, ಇಲ್ಲದಿದ್ದರೆ ಆ ಮಾತು ಬಿಡಬೇಕು. ಕೂಟ ಮುಗಿದ ಕೂಡಲೇ, ಬಿಸಿ ಆರುವ ಮೊದಲು, ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟು ‘ನೀನು ಹೇಳಿದ್ದರಲ್ಲಿ ಎದುರಿನವನಿಗೆ ಉತ್ತರ ಸಿಗದ ಮಾತು ಯಾವುದು, ಅದನ್ನು ಬರೆ’ ಅನ್ನುತ್ತೇನೆ. ನೋಡಿ, ಐದು ನಿಮಿಷದಲ್ಲಿ ಎಷ್ಟು ಬರೆಯುತ್ತಾರೆ ಅಂತ.

ಅಪ್ಪ, ಮುಳ್ಳೇರಿಯ

ಒಂದು ತೊಂದರೆ ಹೇಳಬೇಕು, ಯಾರೂ ತಪ್ಪು ತಿಳಿಯಬೇಡಿ. ಮಗಳ ಶಾಲೆಯಲ್ಲಿ ಇದನ್ನೇ ಕಲಿಸುತ್ತಿದ್ದಾರೆ. ಅವಳು ಮನೆಗೆ ಬಂದು ಅಜ್ಜನ ಹತ್ತಿರ “ಅದಕ್ಕೆ ಆಧಾರ ಏನು?” ಅಂತ ಕೇಳಿದಳು. ಮೊದಲಿನ ಕಾಲದಲ್ಲಿ ಮಳೆ ಸರಿಯಾಗಿ ಬರುತ್ತಿತ್ತು ಅಂತ ಅಜ್ಜ ಹೇಳಿದ್ದಕ್ಕೆ. ಅವರಿಗೆ ತುಂಬಾ ನೋವಾಯಿತು, ಎರಡು ದಿನ ಅವಳ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಆಧಾರ ಕೇಳುವುದು ಬೇಕು, ಆದರೆ ಕೋರ್ಟಿನಲ್ಲಿ ಕೇಳಿದ ಹಾಗೆ ಮನೆಯಲ್ಲಿ ಕೇಳಿದರೆ ಹೇಗೆ?

ನಿವೃತ್ತ ಮಾಷ್ಟ್ರು, ಪೈವಳಿಕೆ

ಇದು ದೊಡ್ಡ ವಿಷಯ, ಹೇಳಿದ್ದು ಒಳ್ಳೆಯದಾಯಿತು. ತಪ್ಪು ಮಗುವಿನದ್ದಲ್ಲ, ನಾವು ಕೊಟ್ಟ ಶಬ್ದದ್ದು. ‘ಆಧಾರ ಏನು’ ಅನ್ನುವುದು ಪರೀಕ್ಷೆ ಪೇಪರಿನ ಮಾತು. “ಅಜ್ಜಾ, ನೀವು ಸಣ್ಣದಿರುವಾಗ ಯಾವ ತಿಂಗಳಲ್ಲಿ ಏಣಿಲು (ಮಳೆಗಾಲದ ಭತ್ತದ ಬೆಳೆ) ನಾಟಿ ಶುರು ಮಾಡ್ತಿದ್ರಿ? ಈಗ ಯಾವಾಗ?” ಅಂತ ಕೇಳಲಿ. ಅಜ್ಜ ಒಂದು ಗಂಟೆ ಹೇಳುತ್ತಾರೆ, ಸಂತೋಷದಿಂದ. ಅಜ್ಜನೇ ಆಧಾರ ಆಗಿಬಿಡುತ್ತಾರೆ. ‘ಅಜ್ಜ ನೆನಪಿನಿಂದ ಹೇಳಿದ್ದು’ ಅಂತ ಮಗು ಪುಸ್ತಕದಲ್ಲಿ ಬರೆದುಕೊಳ್ಳಲಿ. ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯಂಥ ಕಡೆ ಮಳೆಯ ಲೆಕ್ಕ ವರ್ಷಗಟ್ಟಲೆ ಇಟ್ಟಿರುತ್ತಾರೆ, ದೊಡ್ಡವಳಾದ ಮೇಲೆ ಅದನ್ನೂ ಪಕ್ಕದಲ್ಲಿಟ್ಟು ನೋಡಲಿ. ಈಗಲೇ ಮಳೆ ಅಳೆಯಬೇಕು ಅಂದರೆ ಮೇಲಿಂದ ಕೆಳಗಿನ ತನಕ ಒಂದೇ ಅಗಲ ಇರುವ ಡಬ್ಬಿ ಅಂಗಳದ ಮಧ್ಯದಲ್ಲಿ ಇಟ್ಟು ಸ್ಕೇಲಿನಲ್ಲಿ ಅಳೆದರೆ ಆಯಿತು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು, ಡಬ್ಬಿ ದೊಡ್ಡದೇ ಇಡಿ.

ಹಾಗೇ ಇನ್ನೊಂದು. ಎಲ್ಲದಕ್ಕೂ ಆಧಾರ ಕೇಳಬಾರದು. ‘ನನಗೆ ಹಲಸಿನಹಣ್ಣು ಇಷ್ಟ’ ಅಂತ ಮಗು ಬರೆದರೆ ಅಲ್ಲಿಗೆ ಮುಗಿಯಿತು. ಅದು ಅದರ ರುಚಿ. ‘ಎಲ್ಲರೂ ಹಲಸಿನಹಣ್ಣು ತಿನ್ನಬೇಕು’ ಅಂದರೆ ಮಾತ್ರ ಯಾಕೆ ಅಂತ ಕೇಳುವ ಹಕ್ಕು ನಮಗೆ.

ಯುಪಿ ಟೀಚರ್, ಬದಿಯಡ್ಕ ಕಡೆ

ಎಲ್ಲರಿಗೂ ತುಂಬಾ ಧನ್ಯವಾದ. ಮೂರು ವಾರದಿಂದ ಬರೆದಿರಲಿಲ್ಲ, ಕ್ಲಾಸಿನಲ್ಲಿ ಮಾಡಿ ನೋಡಿಯೇ ಬರೆಯೋಣ ಅಂತ.

ಹೆಡ್‌ಮಾಷ್ಟ್ರ ಹತ್ತಿರ ಕೇಳಿ ಹಾಜರಿ ಪುಸ್ತಕ ಕ್ಲಾಸಿಗೆ ತಂದೆ. ಜೂನ್, ಜುಲೈಯದ್ದು ಈ ವರ್ಷದ್ದು, ಫೆಬ್ರವರಿ, ಮಾರ್ಚ್ ಅವರು ಆರನೇ ಕ್ಲಾಸಿನಲ್ಲಿದ್ದಾಗಿನದ್ದು. ನಾಲ್ಕು ಗುಂಪು ಮಾಡಿದೆ. ನಿಜ ಹೇಳುತ್ತೇನೆ, ಬರೆಯುವ ಪೀರಿಯಡಿನಲ್ಲಿ ಇಷ್ಟು ಮೌನ ನಾನು ನೋಡಿಯೇ ಇರಲಿಲ್ಲ. ಬೆರಳಿಟ್ಟು ಎಣಿಸುತ್ತಿದ್ದರು. ಒಂದು ಗುಂಪು ರಜೆ ಚೀಟಿಗಳ ಕಟ್ಟು ಬಿಚ್ಚಿ ‘ಜ್ವರ’ ಅಂತ ಬರೆದದ್ದನ್ನು ಬೇರೆ ಮಾಡಿತು, ‘ನೆಂಟರ ಮದುವೆ’ ಬೇರೆ. ಕಲೆಕ್ಟರು ಮಳೆಗೆ ಕೊಟ್ಟ ರಜೆಗಳನ್ನು ಇನ್ನೊಂದು ಗುಂಪು ಲೆಕ್ಕ ಹಾಕಿತು. ‘ಅಂತೆ’ ಪರೀಕ್ಷೆಯಂತೂ ಈಗ ಅವರಿಗೆ ಆಟ ಆಗಿದೆ, ನಾನು ಪಾಠ ಮಾಡುವಾಗಲೂ “ಟೀಚರ್, ಅದು ಅಂತೆಯಾ?” ಅಂತ ಕೇಳುತ್ತಾರೆ. ಕೇಳಲಿ. ನಾನು ಪುಸ್ತಕ ತೆಗೆದು ತೋರಿಸುತ್ತೇನೆ.

ಎಲ್ಲ ಸರಿಯಾಯಿತು ಅಂತ ಅಲ್ಲ. ಏಳೆಂಟು ಮಕ್ಕಳು ಸಂಖ್ಯೆ ಬರೆದು ಅಲ್ಲಿಗೇ ಬಿಡುತ್ತಾರೆ, ಅದರಿಂದ ಏನು ಗೊತ್ತಾಯಿತು ಅನ್ನುವ ವಾಕ್ಯ ಬರುವುದಿಲ್ಲ. ಅವರಿಗೆ ‘ಇದರಿಂದ ನನಗೆ ಗೊತ್ತಾದದ್ದು...’ ಅಂತ ಅರ್ಧ ವಾಕ್ಯ ಕೊಟ್ಟು ಮುಂದುವರಿಸಲು ಹೇಳುತ್ತಿದ್ದೇನೆ. ನಿಧಾನಕ್ಕೆ ಬರುತ್ತಿದೆ. ಪರೀಕ್ಷೆಯಲ್ಲಿ ಹಾಜರಿ ಪುಸ್ತಕ ಎಲ್ಲಿಂದ ತರುವುದು ಅಂತ ಒಬ್ಬಳು ಕೇಳಿದಳು, ಅದಕ್ಕೆ ‘ನೀನು ಕಂಡದ್ದನ್ನು ಬರೆ, ಎಲ್ಲಿ, ಯಾವಾಗ ಕಂಡದ್ದು ಅಂತ ಬರೆ’ ಅಂದಿದ್ದೇನೆ. ಇದಕ್ಕಿಂತ ಒಳ್ಳೆಯ ಉತ್ತರ ಯಾರಿಗಾದರೂ ಹೊಳೆದರೆ ಹೇಳಿ.

ನೂರಕ್ಕೆ 90 ಅಂತ ಬರೆದಿದ್ದ ಹುಡುಗ ಈ ಸಲ ಬರೆದದ್ದನ್ನು ಅವನ ಒಪ್ಪಿಗೆ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ:

“ನಮ್ಮ ಕ್ಲಾಸಿನಲ್ಲಿ 23 ಮಂದಿ. ಜೂನ್, ಜುಲೈಯಲ್ಲಿ ಜ್ವರ ಅಂತ ರಜೆ ಮಾಡಿದವರು 9 ಮಂದಿ. ಫೆಬ್ರವರಿ, ಮಾರ್ಚಿನಲ್ಲಿ 4 ಮಂದಿ. ಇದನ್ನು ನಾನು ಹಾಜರಿ ಪುಸ್ತಕ ಮತ್ತು ರಜೆ ಚೀಟಿ ನೋಡಿ ಎಣಿಸಿದೆ. ಮಳೆಗಾಲದಲ್ಲಿ ಜ್ವರದ ರಜೆ ಜಾಸ್ತಿ ಎಂದು ಇದರಿಂದ ನನಗೆ ಗೊತ್ತಾಯಿತು. ಆದರೆ ಏಪ್ರಿಲ್, ಮೇಯಲ್ಲಿ ನಮಗೆ ಶಾಲೆ ಇಲ್ಲ, ಆಗ ಎಷ್ಟು ಮಂದಿಗೆ ಜ್ವರ ಬರುತ್ತದೆ ಎಂದು ಪುಸ್ತಕದಲ್ಲಿ ಇಲ್ಲ. ಮೇಯಲ್ಲಿ ನಮ್ಮ ಶಾಲೆಯ ಬಾವಿಯಲ್ಲಿ ನೀರು ಇರುತ್ತದೆಯೇ ಎಂದು ಅಡುಗೆ ಅಕ್ಕನನ್ನು ಕೇಳಿದೆ. ತಳ ಕಾಣುತ್ತದೆ ಎಂದರು. ನೀರಿಲ್ಲದೆ ಶಾಲೆ ನಡೆಸುವುದು ಕಷ್ಟ. ಆದ್ದರಿಂದ ಮೇಯ ರಜೆಯನ್ನು ಹಾಗೆಯೇ ಇಟ್ಟು, ಮಳೆಗಾಲದಲ್ಲಿ ಜೂನಿನಲ್ಲಿ ಮಾತ್ರ ರಜೆ ಕೊಡಬೇಕು ಎಂದು ನನ್ನ ಅಭಿಪ್ರಾಯ.”

ಮಾಷ್ಟ್ರೇ, ಮುಂದಿನ ಶನಿವಾರ ಮಕ್ಕಳನ್ನು ಬಾಯಾರು ಕಡೆ ಸುರಂಗ ನೋಡಲು ಕರೆದುಕೊಂಡು ಬರುತ್ತಿದ್ದೇನೆ. ಬಕೆಟ್ ನಾವೇ ತರುತ್ತೇವೆ. ನೀವು ಒಂದು ಗಂಟೆ ಬರಬಹುದಾ?

ನಿವೃತ್ತ ಮಾಷ್ಟ್ರು, ಪೈವಳಿಕೆ

ಬರುತ್ತೇನೆ. ಬೆಳಿಗ್ಗೆ ಬೇಗ ಹೊರಡಿ, ಹತ್ತು ಗಂಟೆ ಆದರೆ ಗುಡ್ಡ ಹತ್ತುವಾಗ ಬಿಸಿಲು. ಎರಡು ವಾಚು ತನ್ನಿ, ಇಬ್ಬರು ಬೇರೆಬೇರೆಯಾಗಿ ಅಳೆದು ನೋಡಲಿ.